ಹಳೆಯ ಫೋರ್ಡ್ ಎಫ್-100: ಮೀಟರ್ ರಿಪೇರಿಯೋ, ಹೊಸದೋ?

1970ರ ಆಸುಪಾಸಿನ ಫೋರ್ಡ್ ಎಫ್-100 ಪಿಕಪ್‌ನಲ್ಲಿ ಪೆಟ್ರೋಲ್ ಮುಳ್ಳು, ಎಂಜಿನ್ ಶಾಖದ ಮುಳ್ಳು ಎರಡೂ ಒಟ್ಟಿಗೆ ತಪ್ಪು ತೋರಿಸುತ್ತಿದ್ದರೆ, ಮೀಟರ್‌ಗಳನ್ನು ದೂರಬೇಡಿ. ಅವುಗಳ ಬೆನ್ನಿಗೆ ಅಂಟಿಕೊಂಡಿರುವ ಪುಟ್ಟ ವೋಲ್ಟೇಜ್ ರೆಗ್ಯುಲೇಟರ್ ಬ್ಯಾಟರಿಯ 12 ವೋಲ್ಟನ್ನು ಸರಾಸರಿ 5ಕ್ಕೆ ಇಳಿಸುತ್ತದೆ. ಮೊದಲು ಅದನ್ನೂ ತುಕ್ಕು ಹಿಡಿದ ಅರ್ಥಿಂಗನ್ನೂ ನೋಡಿ. ಅಲ್ಲೇ ದೋಷವಿದ್ದರೆ ರಿಪೇರಿ ಅಗ್ಗ. ಡ್ಯಾಶ್‌ಬೋರ್ಡಿನ ಮೂಲ ಚೆಹರೆಯೂ ಉಳಿಯುತ್ತದೆ. ಆ ಚೆಹರೆಗಾಗಿಯೇ ತಾನೇ ನಾವು ಹಳೆಯ ಗಾಡಿ ಇಟ್ಟುಕೊಳ್ಳುವುದು! ಪರೀಕ್ಷಿಸುವಾಗ ಮಾತ್ರ ಮೀಟರ್‌ಗೆ ನೇರವಾಗಿ 12 ವೋಲ್ಟ್ ಕೊಡಬೇಡಿ, ಒಳಗಿನ ಸುರುಳಿ ಸುಟ್ಟೀತು.

ಸುರುಳಿ ಈಗಾಗಲೇ ಸುಟ್ಟಿದ್ದರೆ ಹೊಸ ಸೆಟ್ ಸರಿ. ಅದು ಹೆಚ್ಚು ನಿಖರ, ರಾತ್ರಿ ಚೆನ್ನಾಗಿ ಕಾಣುತ್ತದೆ. ಆದರೆ ಕೊಳ್ಳುವ ಮೊದಲು ಓಮ್ (ವಿದ್ಯುತ್ ರೋಧದ ಅಳತೆ) ಲೆಕ್ಕ ಹಾಕಿ. ಹಳೆಯ ಫೋರ್ಡ್‌ನ ಸೆಂಡರ್, ಅಂದರೆ ಪೆಟ್ರೋಲ್ ಮಟ್ಟವನ್ನು ಮೀಟರ್‌ಗೆ ತಿಳಿಸುವ ಟ್ಯಾಂಕಿನೊಳಗಿನ ಸಾಧನ, ಟ್ಯಾಂಕು ಖಾಲಿಯಿದ್ದಾಗ ಸುಮಾರು 73, ತುಂಬಿದಾಗ 10 ಓಮ್ ಕೊಡುತ್ತದೆ. ಮಾರುಕಟ್ಟೆಯ ಅನೇಕ ಮೀಟರ್‌ಗಳು ಬಯಸುವುದು ಖಾಲಿಗೆ 240, ತುಂಬಿದ್ದಕ್ಕೆ 33. ಸೆಂಡರ್ ಬದಲಿಸದೆ ಇವನ್ನು ಕೂರಿಸಿದರೆ ಬರಿದಾದ ಟ್ಯಾಂಕೂ ಅರ್ಧಕ್ಕಿಂತ ಹೆಚ್ಚು ತುಂಬಿದಂತೆ ಕಾಣುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ.

ಸ್ಪೀಡೋಮೀಟರ್ ಮುಳ್ಳು ಅಲುಗಾಡುತ್ತಿದ್ದರೆ ಮೊದಲು ಅದರ ಒಣಗಿದ ಕೇಬಲ್‌ಗೆ ಗ್ರೀಸ್ ಹಚ್ಚಿ ನೋಡಿ.