ಶಾರ್ಕ್, ಸಕ್ಕರ್, ಕೋರಿ: ಪುಟ್ಟ ಮೀನುಗಳ ತೊಟ್ಟಿಗೆ ಯಾವ ಕ್ಯಾಟ್‌ಫಿಶ್?

ನಿಯಾನ್ ಟೆಟ್ರಾ, ಗಪ್ಪಿಗಳಂಥ ಪುಟ್ಟ ಮೀನುಗಳಿರುವ ತೊಟ್ಟಿಯ ತಳಕ್ಕೆ ಕ್ಯಾಟ್‌ಫಿಶ್ (ಮೀಸೆ ಮೀನು) ಬೇಕೆನ್ನುವವರು ಕೋರಿಡೋರಸ್, ಅಂದರೆ ಕೋರಿ, ತರುವುದೇ ಸರಿ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಎರಡು ತಪ್ಪು ಖರೀದಿಗಳ ನಂತರ. ಮೈಸೂರಿನ ನಮ್ಮ ಮನೆಯಲ್ಲಿರುವುದು ಮೂರು ಅಡಿ ಉದ್ದದ, ಸುಮಾರು 100 ಲೀಟರ್ ನೀರು ಹಿಡಿಯುವ ತೊಟ್ಟಿ. ಎರಡು ವರ್ಷಗಳಲ್ಲಿ ಅದರಲ್ಲಿ ಮೂರು ಬಗೆಯ ಕ್ಯಾಟ್‌ಫಿಶ್‌ಗಳನ್ನು ಸಾಕಿ ನೋಡಿದ್ದೇನೆ.

ಅಂಗಡಿಗಳಲ್ಲಿ ‘ಶಾರ್ಕ್’ ಎಂದು ಮಾರುವ ಬೆಳ್ಳಿ ಮೈಯ ಮರಿಗೂ ಸಮುದ್ರದ ಶಾರ್ಕಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ಆಗ್ನೇಯ ಏಷ್ಯಾದ ಮೆಕಾಂಗ್ ಮತ್ತು ಚಾವೊ ಫ್ರಯಾ ನದಿಗಳ ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್. ಹೋಟೆಲುಗಳಲ್ಲಿ ‘ಬಾಸಾ’ ಎಂಬ ಹೆಸರಿನಲ್ಲಿ ತಟ್ಟೆಗೆ ಬರುವುದೂ ಬಹುಮಟ್ಟಿಗೆ ಇದೇ ಮೀನು. ನದಿಯಲ್ಲಿ ಒಂದು ಮೀಟರಿಗೂ ಮೀರಿ ಬೆಳೆಯುವ ಈ ಮೀನಿನ ಎರಡು ಅಂಗುಲದ ಜೋಡಿಯೊಂದನ್ನು 100 ರೂಪಾಯಿಗೆ ತಂದೆ. ‘ಸಾಧು ಮೀನು ಸರ್, ಯಾವುದಕ್ಕೂ ತೊಂದರೆ ಕೊಡೋದಿಲ್ಲ’ ಎಂದು ಅಂಗಡಿಯವರು ಹೇಳಿದರು. ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ನಾನು ಮೋಸಹೋದದ್ದೂ ಅದರಿಂದಲೇ.

ಐದನೆಯ ತಿಂಗಳಿನಲ್ಲಿ ನಿಯಾನ್‌ಗಳ ಲೆಕ್ಕ ತಪ್ಪತೊಡಗಿತು. ಹನ್ನೆರಡು ಇದ್ದವು ಹತ್ತಾದವು, ಒಂದು ವಾರದ ನಂತರ ಏಳಾದವು. ಸತ್ತ ಮೀನು ಎಲ್ಲಿಯೂ ಕಾಣಲಿಲ್ಲ. ಫಿಲ್ಟರ್ ಬಿಚ್ಚಿ ಸ್ಪಂಜು ಹಿಂಡಿ ನೋಡಿದೆ. ಹೊರಕ್ಕೆ ಹಾರಿರಬಹುದೆಂದು ಸ್ಟ್ಯಾಂಡಿನ ಹಿಂದೆ ಇರುವೆ ಸಾಲಿದೆಯೇ ಎಂದು ಹುಡುಕಿದೆ. ಶಾರ್ಕ್‌ಗಳ ಮೇಲೆ ಮಾತ್ರ ಅನುಮಾನ ಬರಲಿಲ್ಲ, ಏಕೆಂದರೆ ಹಗಲಿನಲ್ಲಿ ಅವು ಒಂದೇ ಒಂದು ಸಲವೂ ಯಾವ ಮೀನನ್ನೂ ಅಟ್ಟಿಸಿಕೊಂಡು ಹೋದದ್ದನ್ನು ನಾನು ಕಂಡಿರಲಿಲ್ಲ.

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಮೊಬೈಲಿನ ಬೆಳಕನ್ನು ಬೆರಳಿನಿಂದ ಅರೆ ಮುಚ್ಚಿ ತೊಟ್ಟಿಯ ಮುಂದೆ ಕುಳಿತೆ. ನಿಯಾನ್‌ಗಳು ಕತ್ತಲಲ್ಲಿ ಬಣ್ಣ ಕಳೆದುಕೊಂಡು ಪೇಲವವಾಗಿ, ಗಿಡಗಳ ಬುಡದಲ್ಲಿ ಅಲುಗಾಡದೆ ನಿಂತಿದ್ದವು. ಅಷ್ಟರಲ್ಲಿ ಆರು ಅಂಗುಲಕ್ಕೆ ಬೆಳೆದಿದ್ದ ಶಾರ್ಕ್ ಮೀಸೆ ಆಡಿಸುತ್ತ ನಿಧಾನವಾಗಿ ಬಂದಿತು, ಮೀಸೆಯ ತುದಿ ಒಂದು ನಿಯಾನ್‌ಗೆ ತಗುಲಿತು, ಬಾಯಿ ತೆರೆಯಿತು, ಮೀನು ಇರಲಿಲ್ಲ. ಅದರಲ್ಲಿ ಬೇಟೆಯ ಆವೇಶವಾಗಲೀ ಸಿಟ್ಟಾಗಲೀ ಏನೂ ಇರಲಿಲ್ಲ. ಮುಳುಗಿದ ಕಾಳನ್ನು ತಿನ್ನುವಾಗಲೂ ಅದು ಹೀಗೆಯೇ ಬಾಯಿ ತೆರೆಯುತ್ತಿತ್ತು. ಗಾಬರಿಯಿಂದ ನಾನು ದೀಪ ಹಾಕಿದ ಕೂಡಲೇ ಎರಡೂ ಶಾರ್ಕ್‌ಗಳು ಬೆದರಿ ಗಾಜಿಗೆ ಅಪ್ಪಳಿಸಿ ಮುಚ್ಚಳವನ್ನು ಅಲ್ಲಾಡಿಸಿದವು. ಮೀನಿನ ಸ್ವಭಾವ ಕೇಳುವುದಕ್ಕಿಂತ ಬೆಳೆದ ಮೇಲೆ ಅದರ ಬಾಯಿ ಎಷ್ಟು ಅಗಲವಾಗುತ್ತದೆ ಎಂದು ಕೇಳಬೇಕಾಗಿತ್ತು ಎಂಬುದು ನನಗೆ ಹೊಳೆದದ್ದು ಆಗ.

ಹಿಡಿಯುವುದು ಇನ್ನೊಂದು ಪಾಡು. ಎದೆಯ ರೆಕ್ಕೆಯ ಗಟ್ಟಿ ಮುಳ್ಳು ಬಲೆಗೆ ಸಿಕ್ಕಿಕೊಂಡು ಬಿಡಲೇ ಇಲ್ಲವಾದ್ದರಿಂದ, ಮೀನನ್ನು ನೀರಿನಲ್ಲಿಯೇ ಇಟ್ಟುಕೊಂಡು ಬಲೆಯನ್ನು ಕತ್ತರಿಯಿಂದ ಕತ್ತರಿಸಬೇಕಾಯಿತು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ಸೋದರಮಾವನ ತೋಟದ ಸಿಮೆಂಟು ತೊಟ್ಟಿ ಗತಿಯಾಯಿತು.

ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್ ಕ್ಯಾಟ್‌ಫಿಶ್ ನನ್ನ ಎರಡನೆಯ ತಪ್ಪು ಖರೀದಿ, ಅದರ ವಿಷಯದಲ್ಲಿ ಹೇಳಲು ಹೆಚ್ಚೇನಿಲ್ಲ. ಅದು ಚಿಕ್ಕ ಮೀನುಗಳನ್ನು ತಿನ್ನಲಿಲ್ಲ. ಮರಿಯಾಗಿದ್ದಾಗ ಗಾಜಿನ ಪಾಚಿಯನ್ನು ಚೆನ್ನಾಗಿಯೇ ಕೆರೆದು ತಿಂದಿತು. ಬೆಳೆದಂತೆ ಪಾಚಿಯನ್ನು ಬಿಟ್ಟು ಕಾಳಿಗೆ ಕಾಯತೊಡಗಿತು, ಗಿಡಗಳನ್ನು ಬುಡಮೇಲು ಮಾಡಿತು, ತಳದ ತುಂಬ ದಾರದಂಥ ಹಿಕ್ಕೆ ಹಾಕಿತು. ಇದು ಒಂದು ಅಡಿಗೂ ಮೀರಿ ಬೆಳೆಯುವ ಮೀನು. ‘ಕೆರೆಗೆ ಬಿಟ್ಟುಬಿಡಿ’ ಎಂದು ಸಲಹೆ ಕೊಟ್ಟವರಿದ್ದರು. ದಕ್ಷಿಣ ಅಮೆರಿಕದ ಈ ಮೀನು ದಡದಲ್ಲಿ ಬಿಲ ಕೊರೆಯುತ್ತದೆ, ಮೀನುಗಾರರ ಬಲೆ ಹರಿಯುತ್ತದೆ, ಆದ್ದರಿಂದ ಆ ಕೆಲಸವನ್ನು ಯಾರೂ ಮಾಡಬಾರದು. ನಮ್ಮ ಸಕ್ಕರ್ ಕೂಡ ಅದೇ ತೋಟ ಸೇರಿತು.

ಈಗ ಇರುವುದು ಆರು ಬ್ರಾಂಝ್ ಕೋರಿಗಳು. ಒಂದಕ್ಕೆ 150ರಂತೆ 900 ರೂಪಾಯಿ ಕೊಡುವಾಗ ಕೈ ಹಿಂಜರಿದದ್ದು ನಿಜ, ಆದರೆ ಶಾರ್ಕ್ ತಿಂದು ಹಾಕಿದ ನಿಯಾನ್‌ಗಳ ಬೆಲೆಯನ್ನೂ ಹರಿದ ಬಲೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದರೆ ಅಂತರ ಅಷ್ಟೇನೂ ದೊಡ್ಡದಲ್ಲ. ಬೆಳೆದರೂ ಎರಡೂವರೆ, ಮೂರು ಅಂಗುಲದಷ್ಟೇ ಆಗುವ ಈ ಮೀನುಗಳ ಬಾಯಿಗೆ ದೊಡ್ಡ ನಿಯಾನ್ ಹಿಡಿಸುವುದೇ ಇಲ್ಲ. ಚೂಪಾದ ಜಲ್ಲಿಯಲ್ಲಿ ಇವುಗಳ ಮೀಸೆ ಸವೆಯುತ್ತದೆಯಾದ್ದರಿಂದ ತಳದ ಜಲ್ಲಿಯನ್ನೆಲ್ಲ ತೆಗೆದು, ತಿಳಿನೀರು ಬರುವವರೆಗೆ ತೊಳೆದ ನುಣ್ಣನೆಯ ಮರಳು ಹಾಕಿದೆ. ಒಂದು ಭಾನುವಾರ ಅದಕ್ಕೇ ಹೋಯಿತು. ಆಗಾಗ ಮೇಲಕ್ಕೆ ನುಗ್ಗಿ ಗಾಳಿ ಗುಟುಕರಿಸುವುದು ಅವುಗಳ ಅಭ್ಯಾಸ, ಕಾಯಿಲೆಯಲ್ಲ. ದೀಪ ಆರಿಸಿದ ಮೇಲೆ ಮುಳುಗುವ ಕಾಳು ಹಾಕದಿದ್ದರೆ ಟೆಟ್ರಾಗಳೇ ಎಲ್ಲವನ್ನೂ ಮುಗಿಸುತ್ತವೆ ಎಂಬುದೊಂದೇ ನನ್ನ ದೂರು.

ಐದಡಿ, ಆರಡಿ ತೊಟ್ಟಿಯಿದ್ದು ದೊಡ್ಡ ಮೀನುಗಳನ್ನೇ ಸಾಕುವವರಿಗೆ ಸಕ್ಕರ್ ಹೊಂದೀತು. ಶಾರ್ಕ್ ಮನೆಯ ತೊಟ್ಟಿಗೆ ಹೇಳಿದ ಮೀನೇ ಅಲ್ಲ. ವಾರಕ್ಕೊಮ್ಮೆ ಎರಡು ಬಕೆಟ್ ನೀರು ಬದಲಿಸುವುದಕ್ಕಿಂತ ಹೆಚ್ಚು ಮಾಡಲಾರದ, ತಿಂಗಳಿಗೆರಡು ಬಾರಿ ಊರಿಗೆ ಹೋಗಿಬರುವ ನನ್ನಂಥವನಿಗೆ ಕೋರಿಗಳೇ ಸರಿ. ಹೊಸದಾಗಿ ತಂದವೂ ಸೇರಿ ಹದಿನಾಲ್ಕು ನಿಯಾನ್‌ಗಳಿವೆ, ಏಳು ತಿಂಗಳಿನಿಂದ ಲೆಕ್ಕ ತಪ್ಪಿಲ್ಲ.