ಎಫಿಬ್ ಕೋಡಿಂಗ್ ಕ್ಲಾಸ್: ಚಾರ್ಟ್ ಓದಿಸುವುದು ಸೊಗಸು, ಅಬ್ಲೇಶನ್ ಪಾಠ ಹಳಸಲು

ಜಯನಗರದ ಕಡೆಯ ಒಂದು ತರಬೇತಿ ಕೇಂದ್ರದ ವಾರಾಂತ್ಯದ ಕಾರ್ಡಿಯಾಲಜಿ ಮಾಡ್ಯೂಲ್ ಬಗ್ಗೆ. ಅಮೆರಿಕದ ಆಸ್ಪತ್ರೆಗಳ ಚಾರ್ಟ್ (ರೋಗಿಯ ದಾಖಲೆ) ನೋಡಿ ರೋಗ, ಚಿಕಿತ್ಸೆಗಳಿಗೆ ಬಿಲ್ಲಿಂಗ್ ಕೋಡ್ ಹಾಕುವ ನಮ್ಮೂರ ಕೋಡರ್‌ಗಳಿಗೆ ಏಟ್ರಿಯಲ್ ಫಿಬ್ರಿಲೇಶನ್ (ಎಫಿಬ್, ಹೃದಯದ ಮೇಲಿನ ಕೋಣೆಗಳ ಬಡಿತ ಲಯ ತಪ್ಪುವ ರೋಗ) ಹೊಸದಲ್ಲ. ಆಡಿಟ್‌ನಲ್ಲಿ ಪೆಟ್ಟು ಬೀಳುವುದು ಮಾತ್ರ ಅದರ ವಿಧ ಹಿಡಿಯುವಲ್ಲಿ.

ಬರೀ 'ಎಫಿಬ್' ಎಂದಿದ್ದರೆ ವಿಧ ಹೇಳದ ಕೋಡ್ ಐ48.91 ಹಾಕಿ ಮುಂದಿನ ಚಾರ್ಟ್‌ಗೆ ಹೋಗುವ ಚಾಳಿಯನ್ನು ಇಲ್ಲಿ ಬಿಡಿಸುತ್ತಾರೆ. ಏಳು ದಿನದೊಳಗೆ ನಿಲ್ಲುವುದು ಪ್ಯಾರಾಕ್ಸಿಸ್ಮಲ್, ಐ48.0. ಅದಕ್ಕಿಂತ ಎಳೆದರೆ ಪರ್ಸಿಸ್ಟೆಂಟ್, ಐ48.19. ಹನ್ನೆರಡು ತಿಂಗಳು ದಾಟಿದರೆ ಲಾಂಗ್‌ಸ್ಟ್ಯಾಂಡಿಂಗ್, ಐ48.11. ಲಯ ಸರಿಪಡಿಸುವ ಯತ್ನವನ್ನೇ ಕೈಬಿಟ್ಟಿದ್ದರೆ ಪರ್ಮನೆಂಟ್, ಐ48.21. ಹಾಗಂತ ಕೋಡರ್ ದಿನ ಎಣಿಸಿ ವಿಧ ತೀರ್ಮಾನಿಸುವಂತಿಲ್ಲ, ಡಾಕ್ಟರ್ ಬರೆದಿರಬೇಕು. ಇದನ್ನು ಸಾರಿ ಸಾರಿ ಹೇಳುತ್ತಾರೆ, ಒಳ್ಳೆಯದೇ.

ಅಭ್ಯಾಸದ ಚಾರ್ಟ್‌ಗಳೇ ಈ ಕ್ಲಾಸಿನ ಜೀವಾಳ. ಒಂದರಲ್ಲಿ 'ಹಿಸ್ಟರಿ ಆಫ್ ಎಫಿಬ್' ಎಂದಿದೆ, ಕೆಳಗಿನ ಔಷಧ ಪಟ್ಟಿಯಲ್ಲಿ ಅಮಿಯೊಡರೋನ್ (ಲಯ ಕಾಪಾಡುವ ಔಷಧ), ಅಪಿಕ್ಸಬಾನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ). ಆತುರಗಾರರು ಹಿಂದೆ ಇದ್ದು ಹೋದ ರೋಗದ ಕೋಡ್ ಝಡ್86.79 ಹಾಕುತ್ತಾರೆ. ಚಿಕಿತ್ಸೆ ನಡೆಯುತ್ತಿರುವ ರೋಗವನ್ನು ಹಳೆಯದೆನ್ನುವುದು ಹೇಗೆ? ಡಾಕ್ಟರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಲಿಖಿತ ಪ್ರಶ್ನೆ, ಹೋಗಬೇಕು. ಅಪಿಕ್ಸಬಾನ್‌ಗೆ ದೀರ್ಘಕಾಲದ ಸೇವನೆಯ ಕೋಡ್ ಝಡ್79.01 ಸೇರಿಸಬೇಕು, ಆಸ್ಪಿರಿನ್ ಆದರೆ ಝಡ್79.82. ಇನ್ನೊಂದು ಚಾರ್ಟ್ ಹೊರರೋಗಿಯದು, 'ಪ್ರಾಬಬಲ್ ಎಫಿಬ್, ಪಾಲ್ಪಿಟೇಶನ್' (ಬಹುಶಃ ಎಫಿಬ್, ಎದೆ ಡವಡವ) ಎಂದಿದೆ. ಅಲ್ಲಿ ಪಾಲ್ಪಿಟೇಶನ್‌ನ ಆರ್00.2 ಮಾತ್ರ. ಒಳರೋಗಿಯ ಡಿಸ್ಚಾರ್ಜ್ ಸಮಯದಲ್ಲೂ ಅದೇ 'ಪ್ರಾಬಬಲ್' ಉಳಿದಿದ್ದರೆ ಲೆಕ್ಕ ಬೇರೆ, ರೋಗ ಇದೆಯೆಂದೇ ಕೋಡ್ ಮಾಡಬಹುದು.

ಪ್ರೊಸೀಜರ್ ಪಾಠಕ್ಕೆ ಬಂದರೆ ನಿರಾಸೆ. ಪಲ್ಮನರಿ ವೇನ್ ಅಬ್ಲೇಶನ್ (ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಲ್ಲಿ ಲಯ ಕೆಡಿಸುವ ಅಂಗಾಂಶವನ್ನು ನಿಷ್ಕ್ರಿಯಗೊಳಿಸುವ ಚಿಕಿತ್ಸೆ) ಕೋಡ್ 93656 ಜೊತೆ ತ್ರೀಡಿ ಮ್ಯಾಪಿಂಗ್‌ಗೆ 93613, ಹೃದಯದೊಳಗಿನ ಎಕೋಗೆ 93662 ಎಂದು ಬೇರೆ ಬೇರೆ ಬಿಲ್ ಮಾಡಿಸುತ್ತದೆ ಇವರ ಹ್ಯಾಂಡ್‌ಔಟ್. 2022ರಿಂದ ಎರಡೂ 93656ರ ಒಳಗೇ ಸೇರಿವೆ. ಹೀಗೆ ಕಳಿಸಿದ ಕ್ಲೇಮ್ ಡಿನೈ ಆಗಿ ವಾಪಸ್ ಬರುತ್ತದೆ. ವಿದ್ಯುತ್ ಆಘಾತದಿಂದ ಲಯ ಸರಿಪಡಿಸುವ ಕಾರ್ಡಿಯೋವರ್ಶನ್‌ನ 92960 ಒಂದೇ ಸಾಲಿನಲ್ಲಿ ಮುಗಿದಿದೆ.

ಕ್ವೆರಿ ಮಾದರಿಯಂತೂ ಬಳಸಲೇಬಾರದು. 'ಇದು ಪರ್ಮನೆಂಟ್ ಎಫಿಬ್ ತಾನೇ?' ಎಂದು ಡಾಕ್ಟರಿಗೆ ಉತ್ತರವನ್ನೇ ಬಾಯಿಗಿಡುತ್ತದೆ. ಇಸಿಜಿ, ಔಷಧ, ಅವಧಿಯನ್ನು ಮೊದಲು ಬರೆದು, ಎಲ್ಲ ವಿಧಗಳ ಜೊತೆ 'ಇತರೆ', 'ಹೇಳಲಾಗದು' ಎಂಬ ಆಯ್ಕೆಗಳನ್ನೂ ಕೊಡಬೇಕು.

ಒಳರೋಗಿ ಚಾರ್ಟ್ ನೋಡುವವರು ಧಾರಾಳವಾಗಿ ಸೇರಬಹುದು. ಇಪಿ ಲ್ಯಾಬ್ (ಅಬ್ಲೇಶನ್ ನಡೆಯುವ ವಿಭಾಗ) ಬಿಲ್ಲಿಂಗ್‌ಗೆಂದು ಹೋಗುವವರು ಫೀಸ್ ಕಟ್ಟುವ ಮುನ್ನ ಹ್ಯಾಂಡ್‌ಔಟ್ ಯಾವ ವರ್ಷದ್ದೆಂದು ಕೇಳಿ.