ಹೊರಗಿನ ಪ್ಯಾಡ್ ನೋಡಿ ‘ಬ್ರೇಕ್ ಚೆನ್ನಾಗಿದೆ’ ಎಂದರೆ ನಂಬಬೇಡಿ

ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಅದು. ಐದು ಜನ, ಡಿಕ್ಕಿ ತುಂಬ ಲಗೇಜು. ಕೆಲವು ತಿರುವು ಇಳಿಯುವಷ್ಟರಲ್ಲಿ ಎಡ ಮುಂಚಕ್ರದಿಂದ ಕರಕರ ಸದ್ದು, ಸುಟ್ಟ ವಾಸನೆ. ಬ್ರೇಕ್ ಒತ್ತಿದಾಗಲೆಲ್ಲ ಕಾರು ಬಲಕ್ಕೆ, ಅಂದರೆ ಎದುರು ವಾಹನ ಬರುವ ಕಡೆಗೆ ಎಳೆಯತೊಡಗಿತು. ಆಮೇಲೆ ಪೆಡಲ್ ಮೆತ್ತಗಾಗಿ ಕೆಳಕ್ಕಿಳಿಯಿತು. ಫಸ್ಟ್ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಬೇಕಾಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಆ ಕಾರು ಸರ್ವಿಸ್ ಮುಗಿಸಿ ಬಂದು ಬರೀ ಹನ್ನೆರಡು ದಿನವಾಗಿತ್ತು. ಜಾಬ್ ಕಾರ್ಡಿನಲ್ಲಿ ‘ಮುಂದಿನ ಪ್ಯಾಡ್ 50 ಪರ್ಸೆಂಟ್’ ಎಂದು, ಅಂದರೆ ಮುಂಚಕ್ರದ ಪ್ಯಾಡ್ ಅರ್ಧ ಉಳಿದಿದೆ ಎಂದು ಬರೆದಿತ್ತು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒಳಗಿನಿಂದಲೂ ಹೊರಗಿನಿಂದಲೂ ಒತ್ತಿ ಹಿಡಿಯುವ ಜೋಡಿ ತುಂಡುಗಳೇ ಪ್ಯಾಡ್. ಚಕ್ರ ಬಿಚ್ಚಿ ನೋಡಿದರೆ ಆ ಬರಹ ಸುಳ್ಳೂ ಅಲ್ಲ. ಎಡಗಡೆಯ ಹೊರ ಪ್ಯಾಡಿನಲ್ಲಿ 6 ಮಿ.ಮೀ. ಉಳಿದಿತ್ತು. ಒಳ ಪ್ಯಾಡಿನಲ್ಲಿ ಏನೂ ಉಳಿದಿರಲಿಲ್ಲ. ಉಕ್ಕಿನ ಪ್ಲೇಟ್ ಕಾದು ನೀಲಿಯಾಗಿತ್ತು, ಡಿಸ್ಕಿನ ಒಳಮೈ ನೇಗಿಲು ಹೊಡೆದಂತೆ ಗೀರುಬಿದ್ದಿತ್ತು. ಚಕ್ರದ ಕಡ್ಡಿಗಳ ಸಂದಿಯಿಂದ ಬಗ್ಗಿ ನೋಡಿ ಬರೆದ ಅಂದಾಜು ಅದು. ಹಾಗೆ ನೋಡಿದರೆ ಕಾಣುವುದು ಹೊರ ಪ್ಯಾಡ್ ಮಾತ್ರ.

ಒಳಗಿನದೇ ಯಾಕೆ ಮೊದಲು ಸವೆಯುತ್ತದೆ? ಎರಡೂ ಪ್ಯಾಡನ್ನು ಹಿಡಿದಿರುವ ಇಕ್ಕಳದಂಥ ಭಾಗ ಕ್ಯಾಲಿಪರ್. ನಮ್ಮಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳ ಕ್ಯಾಲಿಪರಿನಲ್ಲಿ, ಬ್ರೇಕ್ ಆಯಿಲಿನ ಒತ್ತಡಕ್ಕೆ ಮುಂದೆ ಬರುವ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಜಾರಿ, ಹೊರ ಪ್ಯಾಡನ್ನು ಎಳೆದು ಕಚ್ಚಿಸುತ್ತದೆ. ಪಿನ್ ಜಾರದಿದ್ದರೆ ಹೊರ ಪ್ಯಾಡ್ ಸುಮ್ಮನೆ ಕೂರುತ್ತದೆ, ದುಡಿಮೆಯೆಲ್ಲ ಒಳಗಿನದರ ಪಾಲಿಗೆ. ಪಿನ್ ಕಚ್ಚಿಕೊಳ್ಳುವುದಕ್ಕೆ ಮುಖ್ಯ ಕಾರಣ ಅದರ ಹರಿದ ರಬ್ಬರ್ ಬೂಟ್, ಅಂದರೆ ಮುಸುಕು. ಮಳೆಗಾಲದ ಕೆಸರು ನೀರು ಒಳಗಿಳಿದು ತುಕ್ಕು ಹಿಡಿಯುತ್ತದೆ. ಇನ್ನೊಂದು ಕಾರಣ ಕೈಗೆ ಸಿಕ್ಕಿದ ಗ್ರೀಸ್ ಬಳಿಯುವುದು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸಿಗೆ ಆ ರಬ್ಬರ್ ಉಬ್ಬುತ್ತದೆ, ಪಿನ್ ಇನ್ನೂ ಬಿಗಿಯುತ್ತದೆ. ಅಲ್ಲಿಗೆ ಸಿಲಿಕೋನ್ ಗ್ರೀಸ್ ಅಥವಾ ಬ್ರೇಕಿಗೆಂದೇ ಬರುವ ಗ್ರೀಸ್ ಬೇಕು.

ಈ ಕಾರು ಮೊದಲೇ ಎರಡು ಸಲ ಹೇಳಿತ್ತು. ಒಂದು ತಿಂಗಳ ಹಿಂದೆ ಬ್ರೇಕಿನ ಕೆಂಪು ದೀಪ ಹತ್ತಿತ್ತು. ದಾರಿಬದಿಯ ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ತುಂಬಿಸಿದರು, ದೀಪ ಆರಿತು, ಅಲ್ಲಿಗೆ ಮುಗಿಯಿತು ಎಂದುಕೊಂಡರು. ಎಲ್ಲರೂ ಮಾಡುವ ತಪ್ಪೇ ಇದು. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದೆ ತೆರವಾದ ಜಾಗ ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಆಯಿಲ್ ಇಳಿದಿದೆ ಎಂದರೆ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡನ್ನೂ ನೋಡದೆ ಮೇಲಿಂದ ಸುರಿದರೆ ಎಚ್ಚರಿಕೆಯ ಬಾಯಿ ಮುಚ್ಚಿದಂತೆ. ಹ್ಯಾಂಡ್ ಬ್ರೇಕಿಗೂ ಆಯಿಲಿಗೂ ಒಂದೇ ದೀಪ ಇರುವ ಕಾರುಗಳಲ್ಲಿ ತಿರುವಿನಲ್ಲೋ ಇಳಿಜಾರಿನಲ್ಲೋ ದೀಪ ಮಿಣುಕಿ ಆರಿದರೂ ಆಯಿಲ್ ಮಟ್ಟ ನೋಡಿ.

ಎರಡನೆಯದು ಸದ್ದು. ಸವೆತ ತಿಳಿಸಲು ಪ್ಯಾಡಿಗೆ ಸಣ್ಣ ಸ್ಪ್ರಿಂಗ್ ತಗಡು ಇರುತ್ತದೆ. ಸುಮಾರು 2 ಮಿ.ಮೀ. ಉಳಿದಾಗ ಅದು ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡುತ್ತದೆ. ನಿಧಾನಕ್ಕೆ ಹೋಗುವಾಗ ಕೇಳಿಸಿ, ಬ್ರೇಕ್ ಒತ್ತಿದರೆ ನಿಲ್ಲುವುದೂ ಉಂಟು. ಅದಕ್ಕೇ ಜನ ಇದು ಬ್ರೇಕಿನದಲ್ಲ ಎಂದುಕೊಳ್ಳುತ್ತಾರೆ. ಈ ಕಾರಿನವರು ಸರ್ವಿಸಿನಲ್ಲಿ ದೂರು ಹೇಳಿದಾಗ ‘ಧೂಳು ಸಾರ್’ ಎಂಬ ಉತ್ತರ ಸಿಕ್ಕಿತು. ಧೂಳಿನ ಸದ್ದೂ ಇರುತ್ತದೆ, ಇಲ್ಲವೆಂದಲ್ಲ. ರಾತ್ರಿ ಮಳೆಗೆ ನಿಂತ ಕಾರಿನ ಡಿಸ್ಕಿಗೆ ತೆಳು ತುಕ್ಕು ಹಿಡಿದು ಬೆಳಿಗ್ಗೆ ಕಿರುಗುಟ್ಟುತ್ತದೆ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ದಿನವಿಡೀ ಕೇಳಿಸುವ ಕೀಚಲು ಬೇರೆ. ಕೆಲವು ಅಗ್ಗದ ಪ್ಯಾಡಿಗೆ ಆ ತಗಡೇ ಇರುವುದಿಲ್ಲ, ಆದ್ದರಿಂದ ಸದ್ದಿಲ್ಲ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ.

ಘಾಟಿಯಲ್ಲಿ ಪೆಡಲ್ ಇಳಿದದ್ದು ಕಾವಿನಿಂದ. ದಪ್ಪ ಪ್ಯಾಡ್ ಡಿಸ್ಕಿನ ಕಾವನ್ನು ಪಿಸ್ಟನ್ನಿಗೆ ಸುಲಭವಾಗಿ ಬಿಡುವುದಿಲ್ಲ. ಬರೀ ಉಕ್ಕು ಉಳಿದಾಗ ಕಾವು ನೇರ ಆಯಿಲಿಗೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ, ತೇವ ಹೀರಿಕೊಂಡ ಮೇಲೆ ಅದರ ಮಾನದಂಡ 140. ಡಾಟ್ 4ಕ್ಕೆ ಇದು 230 ಮತ್ತು 155. ಆಯಿಲ್ ಕುದ್ದರೆ ಆವಿಯ ಗುಳ್ಳೆ ಏಳುತ್ತದೆ, ನೀವು ಒತ್ತುವುದು ಬರೀ ಗುಳ್ಳೆಯನ್ನು. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ ಎನ್ನುವುದು ಇದಕ್ಕೇ. ಇಂಧನ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವವರಿದ್ದಾರೆ, ದಯವಿಟ್ಟು ಬೇಡ. ಸೆಕೆಂಡಿನಲ್ಲೋ ಥರ್ಡಿನಲ್ಲೋ ಇಳಿದರೆ ಎಂಜಿನ್ನೇ ಅರ್ಧ ಭಾರ ಹಿಡಿಯುತ್ತದೆ. ಎಂಜಿನ್ ಆಫ್ ಮಾಡಿದರಂತೂ ಎರಡು ಮೂರು ಸಲ ಒತ್ತುವಷ್ಟರಲ್ಲಿ, ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿನ ಬಲ ಮುಗಿದು ಪೆಡಲ್ ಕಲ್ಲಾಗುತ್ತದೆ.

ಇಷ್ಟು ಸಾವಿರ ಕಿಲೋಮೀಟರಿಗೆ ಬದಲಿಸಿ ಎಂಬ ಲೆಕ್ಕವನ್ನು ನೆಚ್ಚಬೇಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 25 ಸಾವಿರಕ್ಕೇ ಮುಗಿಯುವ ಪ್ಯಾಡ್ ಹೆದ್ದಾರಿಯಲ್ಲೇ ಓಡುವ ಕಾರಿನಲ್ಲಿ 60 ಸಾವಿರ ಬಂದೀತು. ಪ್ರತಿ 10 ಸಾವಿರಕ್ಕೆ, ಘಾಟಿಯ ಪ್ರಯಾಣಕ್ಕೆ ಮೊದಲು ಕೂಡ, ಚಕ್ರ ಬಿಚ್ಚಿಸಿ ಅಳೆಸಿ. ಕ್ಯಾಲಿಪರಿನ ನೆತ್ತಿಯ ಕಿಂಡಿಯಿಂದ ಟಾರ್ಚ್ ಬಿಟ್ಟರೆ ಒಳ ಪ್ಯಾಡ್ ಕಾಣುತ್ತದೆ. ಕಾಣದಿದ್ದರೆ ಕೆಳಗಿನ ಬೋಲ್ಟ್ ಬಿಚ್ಚಿ ಕ್ಯಾಲಿಪರ್ ಎತ್ತಬೇಕು, ಹೆಚ್ಚು ಹೊತ್ತಿನ ಕೆಲಸವಲ್ಲ. ಅಳೆಯುವಾಗ ಉಜ್ಜುವ ಪದರವನ್ನು ಮಾತ್ರ ಅಳೆಯಿರಿ. ಹಿಂದಿನ ಉಕ್ಕಿನ ಪ್ಲೇಟೇ ಸುಮಾರು 5 ಮಿ.ಮೀ. ಇರುತ್ತದೆ, ಅದನ್ನೂ ಸೇರಿಸಿ ‘ಇನ್ನೂ ಇದೆ’ ಎನ್ನುವವರುಂಟು. ಹೊಸ ಪ್ಯಾಡಿನಲ್ಲಿ ಪದರ ಸುಮಾರು 10 ಮಿ.ಮೀ. 4ಕ್ಕೆ ಬಂದರೆ ಸೆಟ್ ತಂದಿಡಿ, 3ಕ್ಕೆ ಬದಲಿಸಿ. ಈಗಿನ ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿದರೆ ಸುಮಾರು ಅಷ್ಟೇ ದಪ್ಪ. ಒಳ ಹೊರಗಿನ ನಡುವೆ 2 ಮಿ.ಮೀ. ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಪಿನ್ ಬಿಚ್ಚಿ ನೋಡಲೇಬೇಕು. ಅದನ್ನು ಬಿಟ್ಟು ಬರೀ ಪ್ಯಾಡ್ ಹಾಕಿದರೆ ಹೊಸದೂ ಹಾಗೆಯೇ ಸವೆಯುತ್ತದೆ.

ಬದಲಿಸುವಾಗ ಎಡ ಬಲ ಎರಡೂ ಒಟ್ಟಿಗೆ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತದೆ, ಮೈಕ್ರೋಮೀಟರಿನಲ್ಲಿ ಅಳೆಸಿ. ಅದಕ್ಕಿಂತ ತೆಳುವಾಗಿದ್ದರೆ ಲೇತಿಗೆ ಕೊಡಬೇಡಿ, ಹೊಸದೇ ಹಾಕಿಸಿ. ಈ ಕಾರಿಗೆ ಎರಡೂ ಡಿಸ್ಕ್, ಒಂದು ಕ್ಯಾಲಿಪರಿನ ಸೀಲ್ ಕಿಟ್, ಪಿನ್, ಆಯಿಲ್ ಎಲ್ಲ ಬೇಕಾಯಿತು. ದಪ್ಪನೆಯ ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದಕ್ಕೆ ತಳ್ಳುವ ಮೊದಲು ಆಯಿಲ್ ಡಬ್ಬಿಯ ಮಟ್ಟ ನೋಡಿ. ಯಾರಾದರೂ ಮೇಲಿಂದ ತುಂಬಿಸಿದ್ದರೆ ಉಕ್ಕಿ ಚೆಲ್ಲುತ್ತದೆ, ಆ ಆಯಿಲ್ ಪೇಂಟ್ ತಿನ್ನುತ್ತದೆ. ಸಿರಿಂಜಿನಲ್ಲಿ ಸ್ವಲ್ಪ ತೆಗೆದಿಟ್ಟರೆ ಸರಿ. ಕ್ಯಾಲಿಪರನ್ನು ಹೋಸಿನಿಂದ ನೇತುಹಾಕಬಾರದು, ತಂತಿಯಿಂದ ಕಟ್ಟಬೇಕು. ಹಿಂದೆಯೂ ಡಿಸ್ಕ್ ಇದ್ದು ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಪಿಸ್ಟನ್ನನ್ನು ಬಲವಂತವಾಗಿ ಒತ್ತಬೇಡಿ, ಮೊದಲು ಸ್ಕ್ಯಾನರಿನಿಂದ ಅಥವಾ ಕಂಪನಿ ಹೇಳಿದ ಕ್ರಮದಿಂದ ಸರ್ವಿಸ್ ಮೋಡಿಗೆ ಹಾಕಬೇಕು.

ಕೆಲಸ ಮುಗಿದ ಮೇಲೆ ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಹಿಂದೆ ಹೋದ ಪಿಸ್ಟನ್ ಮುಂದೆ ಬರುವವರೆಗೆ ಮೊದಲ ಒತ್ತು ನೆಲಕ್ಕೇ ಹೋಗುತ್ತದೆ, ಗ್ಯಾರೇಜಿನ ಗೋಡೆಗೆ ಕಾರು ಗುದ್ದುವುದು ಹೀಗೇ. ನಂತರ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಹದವಾಗಿ ಇಳಿಸಿ, ನಡುನಡುವೆ ತಣಿಯಲು ಬಿಡಿ. ಮೊದಲ 300 ಕಿ.ಮೀ. ಗಟ್ಟಿ ಬ್ರೇಕ್ ಬೇಡ. ಅಂದರೆ ಘಾಟಿ ಪ್ರಯಾಣ ಗೊತ್ತಾಗಿದ್ದರೆ ಹಿಂದಿನ ದಿನ ಸಂಜೆ ಪ್ಯಾಡ್ ಹಾಕಿಸುವುದಲ್ಲ, ಒಂದೆರಡು ವಾರ ಮೊದಲೇ ಹಾಕಿಸಿ. ಹಳೆಯ ನಾಲ್ಕೂ ಪ್ಯಾಡ್ ಕೇಳಿ ತೆಗೆದುಕೊಳ್ಳಿ, ಯಾವುದು ಒಳಗಿನದು ಎಂದು ಅಲ್ಲೇ ಗುರುತು ಹಾಕಿಸಿ.